ರೂಟ್ ಕೆನಾಲ್‌ನಲ್ಲಿ ಹಲ್ಲು ತೊಳೆಯುವ ಔಷಧಿ: ಬೇವು ಹಾಕಬಹುದಾ, ಹೈಪೋನೇ ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನನ್ನದೊಂದು ಚಿಕ್ಕ ಹಲ್ಲಿನ ದವಾಖಾನೆ. ಆಳಂದ, ಜೇವರ್ಗಿ, ಶಹಾಬಾದ್ ಕಡೆಯಿಂದಲೂ ಜನ ಬರುತ್ತಾರೆ. ರೂಟ್ ಕೆನಾಲ್ ಮಾಡಬೇಕು ಅಂದ ಕೂಡಲೇ ಮೊದಲು ನೋವಿನ ಬಗ್ಗೆ ಕೇಳುತ್ತಾರೆ, ಆಮೇಲೆ ಖರ್ಚಿನ ಬಗ್ಗೆ. ಇತ್ತೀಚೆಗೆ ಮೂರನೆಯದೂ ಒಂದು ಸೇರಿಕೊಂಡಿದೆ. "ಮೇಡಂ, ಆ ವಾಸನಿ ಔಷಧ ಬ್ಯಾಡ್ರಿ. ಬೇವಿಂದೋ ತ್ರಿಫಲದ್ದೋ ಹಾಕಿ ಮಾಡ್ಲಕ್ ಬರಲ್ಲೇನ್ರಿ?"

ಆ ವಾಸನೆಯ ಔಷಧಿ ಅಂದರೆ ಹಲ್ಲಿನ ಒಳಗನ್ನು ತೊಳೆಯುವ ಹೈಪೋ. ಇದು ಒಳ್ಳೆಯ ಪ್ರಶ್ನೆ. ಆದರೆ ಬಾಯಿ ತೆರೆದು ಕುರ್ಚಿಯಲ್ಲಿ ಮಲಗಿದವರಿಗೆ ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ನರ ತೆಗೆದರೆ ಮುಗಿಯಿತಲ್ವಾ? ಅಷ್ಟು ಹೊತ್ತು ತೊಳೆಯೋದು ಯಾಕೆ?

ನರ ತೆಗೆಯುವುದು ಅರ್ಧ ಕೆಲಸ ಮಾತ್ರ. ಹಲ್ಲಿನ ಬೇರಿನೊಳಗಿನ ನಾಳ ನೇರವಾದ ಪೈಪಿನ ಹಾಗೆ ಇರುವುದಿಲ್ಲ. ಬಾಗಿರುತ್ತದೆ, ಚಪ್ಪಟೆಯಾಗಿರುತ್ತದೆ, ತುದಿಯ ಹತ್ತಿರ ಸಣ್ಣ ಸಣ್ಣ ಕವಲು ಒಡೆದಿರುತ್ತದೆ. ನಾವು ಫೈಲ್ ಅಂತ ಕರೆಯುವ ತೆಳು ಸೂಜಿಯಂಥ ಉಪಕರಣದಿಂದ ನಾಳವನ್ನು ಕೆರೆಯುತ್ತೇವೆ. ಎಷ್ಟೇ ಒಳ್ಳೆಯ ಫೈಲ್ ತಂದರೂ ನಾಳದ ಗೋಡೆಯ ಸುಮಾರು ಮೂರನೇ ಒಂದು ಭಾಗಕ್ಕೆ ಅದು ತಾಗುವುದೇ ಇಲ್ಲ. ಆ ಜಾಗಕ್ಕೆ ಹೋಗುವುದು ನೀರಿನಂಥ ಔಷಧಿ ಮಾತ್ರ.

ಇನ್ನೂ ಒಂದು ವಿಷಯ ಇದೆ. ನಾಳದ ಗೋಡೆಯ ತುಂಬ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಒಂದು ಚದರ ಮಿಲಿಮೀಟರ್ ಜಾಗದಲ್ಲೇ ಸಾವಿರಾರು. ಒಂದೊಂದೂ ಬ್ಯಾಕ್ಟೀರಿಯಾ ನುಸುಳುವಷ್ಟು ಅಗಲ. ಅವು ಅಲ್ಲೇ ಉಳಿದರೆ, ಮೇಲೆ ಎಷ್ಟು ಚಂದ ಕ್ಯಾಪ್ ಹಾಕಿದರೂ ಕೆಲವು ತಿಂಗಳಿಗೋ ವರ್ಷಕ್ಕೋ ಹಲ್ಲಿನ ಬುಡ ಮತ್ತೆ ಬಾತುಕೊಳ್ಳುತ್ತದೆ.

ನಮ್ಮ ಕಡೆ "ಹಲ್ಲಿಗೆ ಹುಳ ಹತ್ತಿದೆ" ಅನ್ನುತ್ತೇವೆ. ಹುಳ ಇಲ್ಲ, ಬ್ಯಾಕ್ಟೀರಿಯಾ ಇದೆ. 1965ರಲ್ಲಿ ಅಮೆರಿಕದಲ್ಲಿ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಮಾಮೂಲಿ ಇಲಿಗಳ ಹಲ್ಲನ್ನು ಕೊರೆದು ಒಳಗಿನ ನರವನ್ನು ತೆರೆದಿಟ್ಟರು. ಅದು ಕೊಳೆತು ಸತ್ತುಹೋಯಿತು. ಒಂದೂ ಬ್ಯಾಕ್ಟೀರಿಯಾ ಇಲ್ಲದ ಜಾಗದಲ್ಲಿ ಸಾಕಿದ ಇಲಿಗಳ ಹಲ್ಲನ್ನೂ ಹಾಗೇ ಕೊರೆದರು. ಅದರೊಳಗೆ ಆಹಾರ ಸಿಕ್ಕಿಕೊಂಡರೂ ನರ ಸಾಯಲಿಲ್ಲ, ತಾನಾಗಿ ವಾಸಿಯಾಯಿತು. ಶತ್ರು ಯಾರು ಅಂತ ಅಲ್ಲಿಗೆ ಖಚಿತವಾಯಿತು. ರೂಟ್ ಕೆನಾಲ್ ಅಂದರೆ ಬ್ಯಾಕ್ಟೀರಿಯಾವನ್ನು ಹೊರಹಾಕಿ ಅವು ಮತ್ತೆ ಬರದ ಹಾಗೆ ಬಾಗಿಲು ಮುಚ್ಚುವ ಕೆಲಸ.

ಆ ವಾಸನೆ ಬಟ್ಟೆ ಒಗೆಯುವ ಬ್ಲೀಚಿನ ಹಾಗೇ ಇದೆಯಲ್ಲ?

ಹೌದು, ಅದೇ ಜಾತಿಯದು. ಹೆಸರು ಸೋಡಿಯಂ ಹೈಪೋಕ್ಲೋರೈಟ್. ನಾವೆಲ್ಲ ಹೈಪೋ ಅನ್ನುತ್ತೇವೆ. ಇದನ್ನು ಮುಚ್ಚಿಡುವ ಅಗತ್ಯ ಇಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ, 1915ರ ಸುಮಾರಿಗೆ, ಡೇಕಿನ್ ಎಂಬ ರಸಾಯನ ವಿಜ್ಞಾನಿ ಇದನ್ನೇ ಸುಮಾರು 0.5%ಗೆ ತೆಳು ಮಾಡಿ ಸೈನಿಕರ ಕೊಳೆತ ಗಾಯಗಳನ್ನು ತೊಳೆಯಲು ಬಳಸಿದರು. ಅಲ್ಲಿಂದ ಹಲ್ಲಿನ ಚಿಕಿತ್ಸೆಗೆ ಬಂತು. ಇವತ್ತು ಹಲ್ಲಿನ ಡಾಕ್ಟರುಗಳು 0.5%ನಿಂದ 5.25%ವರೆಗೆ ಬೇರೆ ಬೇರೆ ಗಾಢತೆಯಲ್ಲಿ ಬಳಸುತ್ತಾರೆ. ನಾನು ದೊಡ್ಡವರ ಹಲ್ಲಿಗೆ ಸಾಮಾನ್ಯವಾಗಿ 3% ಹಾಕುತ್ತೇನೆ.

ಹಾಗಂತ ಅಂಗಡಿಯಲ್ಲಿ ಸಿಗುವ ಬ್ಲೀಚನ್ನು ಹತ್ತಿಯಲ್ಲಿ ಅದ್ದಿ ಹಲ್ಲಿಗೆ ಇಡಬೇಡಿ. ಒಬ್ಬರು ಇಟ್ಟುಕೊಂಡು ಬಂದಿದ್ದರು. ಒಸಡು ಬೆಳ್ಳಗೆ ಬೆಂದುಹೋಗಿತ್ತು.

ಇಷ್ಟೊಂದು ಔಷಧಿ ಇದ್ದರೂ ಹೈಪೋಗೇ ಯಾಕೆ ಅಷ್ಟು ಮಹತ್ವ?

ಇಡೀ ವಿಷಯದ ತಿರುಳೇ ಇದು, ಸ್ವಲ್ಪ ನಿಧಾನವಾಗಿ ಓದಿ.

ನಾಳ ತೊಳೆಯುವ ಔಷಧಿ ಎರಡು ದೊಡ್ಡ ಕೆಲಸ ಮಾಡಬೇಕು. ಒಂದು, ಬ್ಯಾಕ್ಟೀರಿಯಾವನ್ನು ಕೊಲ್ಲಬೇಕು. ಎರಡು, ಫೈಲ್ ತಾಗದ ಮೂಲೆಯಲ್ಲಿ ಉಳಿದ ಸತ್ತ ನರದ ಚೂರುಗಳನ್ನು ಕರಗಿಸಬೇಕು. ಕೊಲ್ಲುವ ಔಷಧಿಗಳು ಬೇಕಾದಷ್ಟಿವೆ. ನಾವು ದಿನಾ ಬಳಸುವವುಗಳಲ್ಲಿ ಕರಗಿಸುವುದು ಹೈಪೋ ಒಂದೇ.

ಹೊಸದಾಗಿ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ನಾನು ಇದನ್ನು ಬಾಯಲ್ಲಿ ಹೇಳುವುದಿಲ್ಲ, ಮಾಡಿ ತೋರಿಸುತ್ತೇನೆ. ಹಲ್ಲಿನಿಂದ ತೆಗೆದ ನರ ನೋಡಲು ಒದ್ದೆ ದಾರದ ತುಂಡಿನ ಹಾಗೆ ಇರುತ್ತದೆ, ನಸುಗೆಂಪು, ಉಗುರಿನಷ್ಟು ಉದ್ದ. ಅದನ್ನು ಎರಡು ತುಂಡು ಮಾಡುತ್ತೇನೆ. ಎರಡು ಗಾಜಿನ ಬಟ್ಟಲು. ಒಂದಕ್ಕೆ ಹೈಪೋ, ಇನ್ನೊಂದಕ್ಕೆ ಮನೆಯಲ್ಲಿ ಕುದಿಸಿ ಸೋಸಿ ತಂದ ಬೇವಿನ ಕಷಾಯ. ಹೈಪೋದಲ್ಲಿ ಬಿದ್ದ ಕೂಡಲೇ ತುಂಡಿನ ಸುತ್ತ ಸಣ್ಣ ಗುಳ್ಳೆ ಏಳುತ್ತವೆ. ಅಂಚು ಮಸುಕಾಗುತ್ತದೆ. ಬಣ್ಣ ಬಿಡುತ್ತದೆ, ತೆಳ್ಳಗಾಗುತ್ತದೆ. ನಡುವೆ ಎರಡು ಮೂರು ಸಲ ಹೈಪೋ ಬದಲಿಸಿದರೆ ಅರ್ಧ ತಾಸಿನೊಳಗೆ ಬಟ್ಟಲಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಬೇವಿನ ಬಟ್ಟಲಲ್ಲಿ ತುಂಡು ಕಂದು ಬಣ್ಣಕ್ಕೆ ತಿರುಗಿ ಮರುದಿನ ಬೆಳಿಗ್ಗೆಯೂ ಹಾಗೇ ಬಿದ್ದಿರುತ್ತದೆ.

ಬೇವು ಕೆಟ್ಟದ್ದು ಅಂತ ಹೇಳಲು ಇದನ್ನು ತೋರಿಸುವುದಿಲ್ಲ. ಕೊಲ್ಲುವ ಶಕ್ತಿ ಬೇವಿಗೂ ಇದೆ. ಕರಗಿಸುವ ಶಕ್ತಿ ಇಲ್ಲ, ಅಷ್ಟೇ. ಸತ್ತ ನರ ಮೂಲೆಯಲ್ಲಿ ಉಳಿದರೆ ಮುಂದೆ ಬರುವ ಬ್ಯಾಕ್ಟೀರಿಯಾಗೆ ಅದೇ ಬುತ್ತಿ.

ಹೈಪೋ ಒಂದೇನಾ, ಬೇರೆ ಏನೇನು ಹಾಕುತ್ತೀರಿ?

ಫೈಲಿನಿಂದ ಕೆರೆದಾಗ ಹಲ್ಲಿನ ಪುಡಿ ನಾಳದ ಗೋಡೆಗೆ ಮೆತ್ತಿಕೊಂಡು ಆ ಸಣ್ಣ ತೂತುಗಳ ಬಾಯಿ ಮುಚ್ಚುತ್ತದೆ. ಅದರಲ್ಲಿ ಸುಣ್ಣದ ಅಂಶ ಇರುವುದರಿಂದ ಹೈಪೋಗೆ ಕರಗುವುದಿಲ್ಲ. ಅದಕ್ಕೆ 17% ಇಡಿಟಿಎ ಎಂಬ, ಸುಣ್ಣದ ಅಂಶ ಕರಗಿಸುವ ಔಷಧಿ ಬೇಕು. ಕೊನೆಯಲ್ಲಿ ಒಂದು ನಿಮಿಷದಷ್ಟು ಸಾಕು. ಜಾಸ್ತಿ ಹೊತ್ತು ಬಿಟ್ಟರೆ ಒಳ್ಳೆಯ ಹಲ್ಲನ್ನೂ ತಿನ್ನುತ್ತದೆ.

ಇನ್ನೊಂದು 2% ಕ್ಲೋರ್‌ಹೆಕ್ಸಿಡಿನ್. ಬಾಯಿ ಮುಕ್ಕಳಿಸಲು ಬರೆದುಕೊಡುತ್ತೇವಲ್ಲ, ಅದರ ಗಾಢ ರೂಪ. ಇದರ ಗುಣ ಏನಂದರೆ ಹಲ್ಲಿನ ಗೋಡೆಗೆ ಅಂಟಿಕೊಂಡು ದಿನಗಟ್ಟಲೆ ಕೆಲಸ ಮಾಡುತ್ತದೆ. ವಾಸನೆಯೂ ಇಲ್ಲ. ಆದರೆ ಇದೂ ನರ ಕರಗಿಸುವುದಿಲ್ಲ. ಹೈಪೋ ಜೊತೆ ಸೇರಿದರೆ ಕಿತ್ತಳೆ ಕಂದು ಬಣ್ಣದ ಗಸಿ ಕಟ್ಟಿ ನಾಳವನ್ನೇ ಮುಚ್ಚುತ್ತದೆ. ಅದಕ್ಕೇ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಸಲೈನ್‌ನಿಂದ ತೊಳೆಯಬೇಕು. ಬರೀ ಸಲೈನ್‌ನಿಂದ ತೊಳೆದು ಮುಗಿಸುವವರೂ ಇದ್ದಾರೆ. ಸಲೈನ್ ಕಸ ಹೊರತರುತ್ತದೆ, ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ.

ಹೈಪೋ ಅಪಾಯ ಅಂತ ಎಲ್ಲೋ ಓದಿದೆ. ನಿಜವಾ?

ನಿಜ. ಹಲ್ಲಿನೊಳಗೆ ಇದ್ದಷ್ಟು ಹೊತ್ತು ಅದು ಗೆಳೆಯ. ಬೇರಿನ ತುದಿ ದಾಟಿ ಎಲುಬಿನ ಕಡೆ ನುಗ್ಗಿದರೆ ಅಲ್ಲಿರುವ ಜೀವಂತ ಮಾಂಸವನ್ನೂ ಸುಡುತ್ತದೆ.

ಕೆಲಸ ಶುರುಮಾಡಿದ ಹೊಸದರಲ್ಲಿ ನನ್ನ ಕೈಯಲ್ಲೇ ಒಮ್ಮೆ ಆಗಿದೆ. ಮೇಲಿನ ಹಲ್ಲು. ಸೂಜಿ ನಾಳದಲ್ಲಿ ಬಿಗಿಯಾಗಿ ಕೂತಿದ್ದು ನನಗೆ ಗೊತ್ತಾಗಲಿಲ್ಲ. ಸಿರಿಂಜ್ ಒತ್ತಿದೆ. ಆ ತಾಯಿ ಒಮ್ಮೆಲೇ ಕಿರುಚಿ ನನ್ನ ಕೈ ಹಿಡಿದುಕೊಂಡರು. ನಾಲ್ಕೈದು ನಿಮಿಷದಲ್ಲಿ ಕೆನ್ನೆ ಬಾತುಬಂತು. ಮರುದಿನ ಕಣ್ಣಿನ ಕೆಳಗೆಲ್ಲ ಕಪ್ಪುನೀಲಿ. ಕೂಡಲೇ ಸಲೈನ್‌ನಿಂದ ತೊಳೆದೆ, ನೋವಿಗೆ ಔಷಧಿ ಕೊಟ್ಟೆ. ಮೊದಲ ದಿನ ಐಸ್ ಇಡಲು ಹೇಳಿದೆ, ಆಮೇಲೆ ಬಿಸಿ ಶಾಖ. ದಿನಾ ಫೋನ್ ಮಾಡಿ ವಿಚಾರಿಸಿದೆ. ಎರಡು ವಾರದಲ್ಲಿ ಪೂರ್ತಿ ಇಳಿಯಿತು. ಆ ಎರಡು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಅವತ್ತಿನಿಂದ ಕೆಲವು ಅಭ್ಯಾಸ ಬಿಟ್ಟಿಲ್ಲ. ಸೂಜಿಯ ತೂತು ತುದಿಯಲ್ಲಿ ಅಲ್ಲ, ಪಕ್ಕದಲ್ಲಿ ಇರುವಂಥದ್ದನ್ನೇ ಬಳಸುತ್ತೇನೆ. ನಾಳದ ಉದ್ದವನ್ನು ಮೊದಲೇ ಅಳೆದು, ಅದಕ್ಕಿಂತ ಒಂದೆರಡು ಮಿಲಿಮೀಟರ್ ಮೇಲೆಯೇ ಸೂಜಿ ನಿಲ್ಲುವ ಹಾಗೆ ರಬ್ಬರಿನ ಗುರುತು ಹಾಕುತ್ತೇನೆ. ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತಲೇ, ಹೆಬ್ಬೆರಳಿಂದ ಅಲ್ಲ, ತೋರುಬೆರಳಿಂದ ಮೆಲ್ಲಗೆ ಒತ್ತುತ್ತೇನೆ. ಹೆಬ್ಬೆರಳಿಗೆ ಬಲ ಜಾಸ್ತಿ, ನಮಗೆ ಗೊತ್ತಿಲ್ಲದೇ ಒತ್ತಿಬಿಡುತ್ತದೆ. ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಕಟ್ಟುತ್ತೇನೆ. ಅದು ತೆಳ್ಳನೆಯ ಹಾಳೆ, ಹಲ್ಲು ಮಾತ್ರ ಹೊರಗೆ ಕಾಣುತ್ತದೆ. ಔಷಧಿ ಗಂಟಲಿಗೆ ಇಳಿಯುವುದಿಲ್ಲ, ಉಗುಳು ಹಲ್ಲಿನೊಳಗೆ ಹೋಗುವುದಿಲ್ಲ.

ನಿಮ್ಮ ಡಾಕ್ಟರಿಗೆ "ರಬ್ಬರ್ ಡ್ಯಾಮ್ ಹಾಕ್ತೀರಾ?" ಅಂತ ಕೇಳಲು ನಾಚಿಕೆ ಬೇಡ. ಯಾವ ಔಷಧಿ ಅನ್ನುವ ಪ್ರಶ್ನೆಗಿಂತ ಇದೇ ಮೊದಲು ಕೇಳಬೇಕಾದದ್ದು.

ಬೇವಿನ ಬಗ್ಗೆ ಸಂಶೋಧನೆ ಆಗಿದೆ ಅಂತಾರಲ್ಲ?

ಆಗಿದೆ, ಅದೂ ಬಹಳಷ್ಟು ನಮ್ಮ ದೇಶದಲ್ಲೇ. ಬೇವಿನ ಎಲೆಯ ಸತ್ವ, ತ್ರಿಫಲ, ಗ್ರೀನ್ ಟೀ, ನೋನಿ ಹಣ್ಣಿನ ರಸ, ಲೋಳೆಸರ, ಅರಿಶಿಣ, ಹಲ್ಲುಜ್ಜುವ ಮಿಸ್ವಾಕ್ ಕಡ್ಡಿ, ಜೇನಿನ ಮೇಣದಂಥ ಪ್ರೊಪೋಲಿಸ್, ಇವೆಲ್ಲವನ್ನೂ ಹಲ್ಲಿನ ಬ್ಯಾಕ್ಟೀರಿಯಾ ಮೇಲೆ ಪರೀಕ್ಷಿಸಿದ್ದಾರೆ.

ಹೆಚ್ಚಿನ ಪರೀಕ್ಷೆ ನಡೆಯುವುದು ಎಂಟರೋಕಾಕಸ್ ಫೀಕ್ಯಾಲಿಸ್ ಎಂಬ ಬ್ಯಾಕ್ಟೀರಿಯಾ ಮೇಲೆ. ಒಮ್ಮೆ ರೂಟ್ ಕೆನಾಲ್ ಆಗಿ ಕೆಟ್ಟ ಹಲ್ಲುಗಳಲ್ಲಿ ಇದು ಪದೇ ಪದೇ ಸಿಗುತ್ತದೆ. ಬಹಳ ಹಟಮಾರಿ. ಊಟ ಇಲ್ಲದೆಯೂ ಬದುಕುತ್ತದೆ. ತೂತಿನೊಳಗೆ ಹೋಗಿ ಕೂರುತ್ತದೆ. ಗೋಡೆಗೆ ಲೋಳೆಯ ಪದರ ಕಟ್ಟಿಕೊಂಡು ಅದರೊಳಗೆ ಸಂಸಾರ ಹೂಡುತ್ತದೆ. ಕೆರೆಯ ಮೆಟ್ಟಿಲ ಮೇಲಿನ ಪಾಚಿ ನೆನೆಸಿಕೊಳ್ಳಿ. ಬರೀ ನೀರು ಸುರಿದರೆ ಅದು ಹೋಗುವುದಿಲ್ಲ.

2010ರಲ್ಲಿ ಪ್ರಕಟವಾದ ಭಾರತದ ಒಂದು ಅಧ್ಯಯನದಲ್ಲಿ ಕಿತ್ತ ಹಲ್ಲುಗಳ ಮೇಲೆ ಇಂಥ ಪದರ ಬೆಳೆಸಿ ತ್ರಿಫಲ, ಗ್ರೀನ್ ಟೀ ಸತ್ವ, ಎಂಟಿಎಡಿ ಎಂಬ ಔಷಧಿ ಮತ್ತು 5% ಹೈಪೋ ನಾಲ್ಕನ್ನೂ ಹೋಲಿಸಿ ನೋಡಿದರು. ತ್ರಿಫಲ ಮತ್ತು ಗ್ರೀನ್ ಟೀ ಚೆನ್ನಾಗಿ ಕೆಲಸ ಮಾಡಿದವು. ಎಲ್ಲಕ್ಕಿಂತ ಮುಂದೆ ಇದ್ದದ್ದು ಹೈಪೋ. ಇದನ್ನು ಓದಿದಾಗ ನನಗೆ ಖುಷಿಯಾಯಿತು. ತ್ರಿಫಲದ ನೆಲ್ಲಿಕಾಯಿ, ಅಳಲೆಕಾಯಿ, ತಾರೆಕಾಯಿ ನಮ್ಮ ಅಜ್ಜಿಯ ಡಬ್ಬದಲ್ಲಿ ಇದ್ದವು. ಅವುಗಳಲ್ಲಿ ಸತ್ವ ಇದೆ ಅನ್ನುವುದು ಕಟ್ಟುಕಥೆ ಅಲ್ಲ.

ಹಾಗಾದರೆ ಬೇವು, ತ್ರಿಫಲ ಹಾಕಿಯೇ ಮಾಡಬಹುದಲ್ವಾ? ಯಾಕೆ ತಡೆಯುತ್ತೀರಿ?

ಒಂದು ಕಾರಣ ಮೇಲೆ ಹೇಳಿದ್ದೇ, ಅವು ನರ ಕರಗಿಸುವುದಿಲ್ಲ.

ಇನ್ನೊಂದು, ಅಳತೆ. ಹೈಪೋ ಬಾಟಲಿಯ ಮೇಲೆ 3% ಅಂತ ಬರೆದಿದ್ದರೆ ಒಳಗೆ ಏನಿದೆ ಅಂತ ನನಗೆ ಗೊತ್ತು. ಬೇವಿನ ಕಷಾಯಕ್ಕೆ ಯಾವ ಮರದ ಎಲೆ? ಚಿಗುರೋ, ಬಲಿತದ್ದೋ? ಯುಗಾದಿ ಹೊತ್ತಿನದೋ, ಮಳೆಗಾಲದ್ದೋ? ಎಷ್ಟು ಕುದಿಸಿದ್ದು? ಒಂದು ಸಲದ ಹಾಗೆ ಇನ್ನೊಂದು ಸಲ ಇರುವುದಿಲ್ಲ. ಪ್ರಯೋಗಶಾಲೆಯಲ್ಲಿ ಬಳಸುವುದು ಎಲೆ ಒಣಗಿಸಿ, ಆಲ್ಕೋಹಾಲ್ ಅಥವಾ ನೀರಿನಲ್ಲಿ ಸತ್ವ ಇಳಿಸಿ, ಅಳೆದು ಮಾಡಿದ್ದು. ಮನೆಯ ಪಾತ್ರೆಯಲ್ಲಿ ಕುದಿಸಿದ್ದಕ್ಕೂ ಅದಕ್ಕೂ ಹೆಸರು ಒಂದೇ, ವಸ್ತು ಬೇರೆ. ಕುದಿಸಿಟ್ಟ ಕಷಾಯ ಕಲಬುರಗಿಯ ಸೆಕೆಗೆ ಒಂದೇ ದಿನದಲ್ಲಿ ಹಳಸುತ್ತದೆ. ಬ್ಯಾಕ್ಟೀರಿಯಾ ಕೊಲ್ಲಲು ಹಾಕುವ ನೀರಿನಲ್ಲೇ ಬ್ಯಾಕ್ಟೀರಿಯಾ ಬೆಳೆದಿದ್ದರೆ?

ಬಣ್ಣದ ತೊಂದರೆಯೂ ಇದೆ. ಅರಿಶಿಣ, ತ್ರಿಫಲ ಎರಡೂ ಹಲ್ಲಿಗೆ ಒಳಗಿನಿಂದ ಬಣ್ಣ ಹಿಡಿಸಬಹುದು. ಮುಂದಿನ ಹಲ್ಲಾದರೆ ನಗುವಾಗ ಕಾಣುತ್ತದೆ.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಹೆಚ್ಚಿನ ಅಧ್ಯಯನಗಳು ಗಾಜಿನ ತಟ್ಟೆಯಲ್ಲೋ ಕಿತ್ತ ಹಲ್ಲಿನಲ್ಲೋ ಆಗಿವೆ. ಜೀವಂತ ಮನುಷ್ಯರ ಹಲ್ಲಿಗೆ ಗಿಡಮೂಲಿಕೆ ಮಾತ್ರ ಹಾಕಿ, ವರ್ಷಗಳ ಕಾಲ ಎಕ್ಸ್‌ರೇ ತೆಗೆದು, ಬುಡದ ಎಲುಬು ತುಂಬಿಕೊಂಡಿತಾ ಅಂತ ನೋಡುವ ಕೆಲಸ ಇನ್ನೂ ಸಾಕಷ್ಟು ಆಗಿಲ್ಲ. ಹೈಪೋಗೆ ಅಂಥ ಅನುಭವ ದಶಕಗಳದ್ದು. ನಿಮ್ಮ ಹಲ್ಲನ್ನು ಪ್ರಯೋಗಕ್ಕೆ ಇಡಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಈ ಸಂಶೋಧನೆ ನಡೆಯಲೇಬೇಕು. ಹೈಪೋದಷ್ಟೇ ಬಲ ಇರುವ, ಬೇರಿನ ತುದಿ ದಾಟಿದರೂ ಮಾಂಸ ಸುಡದ ಔಷಧಿ ಬೇವಿನಿಂದಲೋ ಅಳಲೆಕಾಯಿಂದಲೋ ಸಿಕ್ಕರೆ ಮೊದಲು ಬಾಟಲಿ ತರಿಸುವವಳು ನಾನೇ. ಆ ತಾಯಿಯ ಬಾತ ಕೆನ್ನೆ ನಾನು ಮರೆತಿಲ್ಲ.

ಅಂದರೆ ರೂಟ್ ಕೆನಾಲ್‌ನಲ್ಲಿ ಗಿಡದ ವಸ್ತುಗಳಿಗೆ ಜಾಗವೇ ಇಲ್ವಾ?

ಇದೆ, ಮೊದಲಿನಿಂದಲೂ ಇದೆ. ಲವಂಗದ ಎಣ್ಣೆಯ ಮುಖ್ಯ ಸತ್ವ ಯೂಜಿನಾಲ್. ಅದನ್ನು ಜಿಂಕ್ ಆಕ್ಸೈಡ್ ಪುಡಿಯಲ್ಲಿ ಕಲಸಿದರೆ ಬಿಳಿ ಸಿಮೆಂಟ್ ಆಗುತ್ತದೆ. ಹಲ್ಲಿನ ದವಾಖಾನೆಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿಯುವ ವಾಸನೆ ಅದರದ್ದೇ. ನಾಳ ತೊಳೆದು ಒಣಗಿಸಿದ ಮೇಲೆ ತುಂಬುವ ಗಟ್ಟಾಪರ್ಚಾ ಎಂಬ ರಬ್ಬರಿನಂಥ ಕಡ್ಡಿಯೂ ಮರದ ಹಾಲಿನಿಂದ ಬಂದದ್ದು, ಮಲಯಾ ಕಡೆಯ ಮರ. ನಿಮ್ಮ ಹಲ್ಲಿನೊಳಗೆ ಕೊನೆಗೆ ಉಳಿಯುವುದು ಒಂದು ಮರದ ಹಾಲು ಅಂದರೆ ಎಷ್ಟೋ ಜನ ಕಣ್ಣರಳಿಸುತ್ತಾರೆ.

ಹೈಪೋ ಅಲರ್ಜಿ ಇರುವವರು ತೀರಾ ಅಪರೂಪ, ಆದರೆ ಇದ್ದಾರೆ. ಬ್ಲೀಚ್ ಮುಟ್ಟಿದರೆ ಮೈ ದದ್ದು ಏಳುತ್ತದೆ, ಉಸಿರು ಕಟ್ಟುತ್ತದೆ ಅನ್ನುವವರು ಮೊದಲೇ ಹೇಳಬೇಕು. ಕ್ಲೋರ್‌ಹೆಕ್ಸಿಡಿನ್‌ಗೂ ಕೆಲವರಿಗೆ ಜೋರು ಅಲರ್ಜಿ ಆಗುತ್ತದೆ. ಗಿಡಮೂಲಿಕೆ ಔಷಧಿಗಳು ಬೆಳೆದುಬಂದರೆ ಇಂಥವರಿಗೆ ದೊಡ್ಡ ಉಪಕಾರ.

ಹಲ್ಲು ನೋವಿಗೆ ಮನೆಯಲ್ಲಿ ಲವಂಗದ ಎಣ್ಣೆ ಇಡಬಹುದಾ?

ರಾತ್ರಿ ನೋವು ಎದ್ದಿದೆ, ಬೆಳಗಿನವರೆಗೆ ಕಳೆಯಬೇಕು ಅಂದರೆ ಒಂದು ಹನಿ. ಹತ್ತಿಯ ಉಂಡೆಗೆ ತಾಗಿಸಿ, ಹಿಂಡಿ, ತೂತಿನೊಳಗೆ ಮಾತ್ರ ಇಡಿ. ಒಸಡಿಗೆ ತಾಗಿದರೆ ಸುಡುತ್ತದೆ. ಚಿಕ್ಕ ಮಕ್ಕಳಿಗೆ ಬೇಡ.

ಆಳಂದ ಕಡೆಯ ಒಬ್ಬ ಅಜ್ಜಿ ಬಂದಿದ್ದರು. ನೋವು ತಡೆಯಲಾರದೆ ಲವಂಗದ ಎಣ್ಣೆ, ಕರ್ಪೂರ, ತಂಬಾಕಿನ ಪುಡಿ ಎಲ್ಲ ಸೇರಿಸಿ ಮೂರು ದಿನ ಒತ್ತಿಟ್ಟಿದ್ದರು. "ಯವ್ವಾ, ಬ್ಯಾನಿ ಹೋಯ್ತು, ಬಾಯಿ ಉರೀಲತ್ತದ" ಅಂದರು. ನೋವು ಹೋಗಿದ್ದು ನರ ಸತ್ತಿದ್ದರಿಂದ. ಕೀವು ಒಳಗೇ ಇತ್ತು. ನೋವು ನಿಂತಿತು ಅಂದರೆ ವಾಸಿಯಾಯಿತು ಅಂತಲ್ಲ, ಇದನ್ನು ದಯವಿಟ್ಟು ಮನೆಯ ಹಿರಿಯರಿಗೆ ಹೇಳಿ.

ಒಂದೇ ದಿನದಲ್ಲಿ ಮುಗಿಸಬಹುದಾ? ನಡುವೆ ಬಿಳಿ ಔಷಧಿ ಇಟ್ಟು ಕಳಿಸುತ್ತೀರಲ್ಲ, ಅದೇನು?

ಕೀವು ಇಲ್ಲದ ಹಲ್ಲನ್ನು ಎಷ್ಟೋ ಸಲ ಒಂದೇ ದಿನದಲ್ಲಿ ಮುಗಿಸುತ್ತೇವೆ. ಕೀವು ಸೋರುತ್ತಿದ್ದರೆ ನಾಳಕ್ಕೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿ ಒಂದೆರಡು ವಾರ ಬಿಡುತ್ತೇವೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಇದೆಯಲ್ಲ, ರಾಸಾಯನಿಕ ಅದೇ. ಶುದ್ಧವಾಗಿ, ಅಳತೆಯಲ್ಲಿ ಮಾಡಿದ್ದು. ಅದರ ಖಾರಕ್ಕೆ ಬಹುತೇಕ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಮೇಲೆ ಹೇಳಿದ ಹಟಮಾರಿ ಎಂಟರೋಕಾಕಸ್ ಮಾತ್ರ ಇದನ್ನೂ ತಡೆದುಕೊಳ್ಳುತ್ತದೆ. ಅದಕ್ಕೇ ತೊಳೆಯುವ ಕೆಲಸ ಬಿಟ್ಟು ಬರೀ ಸುಣ್ಣ ನಂಬುವ ಹಾಗಿಲ್ಲ.

ನಮ್ಮ ಭಾಗದ ಒಂದು ಸಂಕಟ ಇಲ್ಲಿ ಹೇಳಲೇಬೇಕು. ಡಿಸೆಂಬರ್‌ನಲ್ಲಿ ಔಷಧಿ ಇಟ್ಟು "ಎರಡು ವಾರಕ್ಕೆ ಬರ್ರಿ" ಅನ್ನುತ್ತೇನೆ. "ತೊಗರಿ ರಾಶಿ ಆದ್ಮ್ಯಾಲೆ ಬರ್ತೀನ್ರಿ" ಅನ್ನುತ್ತಾರೆ. ರಾಶಿ ಆಗುತ್ತದೆ, ಮಾರಾಟ ಆಗುತ್ತದೆ, ಮದುವೆ ಸುಗ್ಗಿ ಬರುತ್ತದೆ. ಹಲ್ಲು ನೋಯುವುದಿಲ್ಲವಲ್ಲ, ಮರೆತುಹೋಗುತ್ತದೆ. ಮೇಲೆ ಹಾಕಿದ ತಾತ್ಕಾಲಿಕ ಸಿಮೆಂಟ್ ಇರುವುದು ಕೆಲವು ವಾರ ಮಾತ್ರ. ಅದು ಉದುರಿದರೆ ಉಗುಳು ಒಳಗೆ ಇಳಿಯುತ್ತದೆ, ಮಾಡಿದ್ದೆಲ್ಲ ಮತ್ತೆ ಮೊದಲಿನಿಂದ. ಕಡಕ್ ರೊಟ್ಟಿ ಕಡಿದು ಹಲ್ಲೇ ಸೀಳಿಕೊಂಡು ಬಂದವರೂ ಇದ್ದಾರೆ. ಸೀಳಿದ ಹಲ್ಲನ್ನು ಹೆಚ್ಚಿನ ಸಲ ಕೀಳದೆ ದಾರಿ ಇರುವುದಿಲ್ಲ. ನೀವು ರೈತರಾಗಿದ್ದರೆ ರಾಶಿಗೆ ಮೊದಲೋ ಆಮೇಲೋ, ಪೂರ್ತಿ ಮುಗಿಸಲು ಸಮಯ ಇರುವಾಗಲೇ ಶುರುಮಾಡಿ.

ಗರ್ಭಿಣಿಯರಿಗೆ, ಮಕ್ಕಳಿಗೆ ಹೈಪೋ ನಡೆಯುತ್ತಾ?

ನಡೆಯುತ್ತದೆ. ನಾಳದೊಳಗೇ ಇದ್ದು ಹೊರಗೆ ಬರುವ ಔಷಧಿ ಇದು. ಗರ್ಭಿಣಿಯರಿಗೆ ಕೂರಲು ಅನುಕೂಲ ಅಂತ ನಾಲ್ಕರಿಂದ ಆರನೇ ತಿಂಗಳು ಒಳ್ಳೆಯದು. ಕೀವು, ಬಾವು ಇದ್ದರೆ ಕಾಯಬೇಡಿ. ಮಕ್ಕಳ ಹಾಲುಹಲ್ಲಿಗೆ ಇನ್ನೂ ತೆಳು ಮಾಡಿ ಹಾಕುತ್ತೇವೆ.

ಜಾತ್ರೆಯಲ್ಲಿ ಬೇರು, ಹೊಗೆ ಕೊಟ್ಟು ಹುಳ ತೆಗೆಯುತ್ತಾರೆ. ನಾನೇ ಕಣ್ಣಾರೆ ಹುಳ ನೋಡಿದ್ದೇನೆ.

ನೀವು ನೋಡಿದ್ದು ಸುಳ್ಳಲ್ಲ, ಆದರೆ ಅದು ಹುಳ ಅಲ್ಲ. ಕೆಂಡದ ಮೇಲೆ ಬೀಜ ಹಾಕಿ ಹೊಗೆ ಎಬ್ಬಿಸುತ್ತಾರೆ. ಬಿಸಿಗೆ ಬೀಜ ಸಿಡಿದು ಒಳಗಿನ ಬಿಳಿ ಮೊಳಕೆ ಹೊರಬರುತ್ತದೆ. ನೀರಿನ ತಟ್ಟೆಯಲ್ಲಿ ತೇಲುವಾಗ ಅದು ಹುಳದ ಹಾಗೇ ಕಾಣುತ್ತದೆ. ಬಾಯಿಯೇ ಇಲ್ಲದೆ ಬರೀ ಬೀಜ ಸುಟ್ಟು ನೋಡಿ, ಆಗಲೂ "ಹುಳ" ಬೀಳುತ್ತವೆ.

ಗಿಡಮೂಲಿಕೆಯ ಹೆಸರಲ್ಲಿ ರೂಟ್ ಕೆನಾಲ್ ಮಾಡುತ್ತೇವೆ ಅನ್ನುವ ಬೋರ್ಡ್ ಕಂಡರೆ ಒಳಗೆ ಹೋಗಿ ಕೇಳಿ: ಎಕ್ಸ್‌ರೇ ತೆಗೆಯುತ್ತೀರಾ? ನಾಳದ ಉದ್ದ ಅಳೆಯುತ್ತೀರಾ? ಫೈಲುಗಳನ್ನು ಆಟೋಕ್ಲೇವ್ ಮಾಡುತ್ತೀರಾ, ಅಂದರೆ ಒತ್ತಡದ ಹಬೆಯಲ್ಲಿ ಶುದ್ಧ ಮಾಡುತ್ತೀರಾ? ಡೆಂಟಲ್ ಕೌನ್ಸಿಲ್ ನೋಂದಣಿ ಇದೆಯಾ? ಇವಕ್ಕೆ ನೇರ ಉತ್ತರ ಬರದಿದ್ದರೆ ಎದ್ದು ಬನ್ನಿ. ಖರ್ಚಿನ ಚಿಂತೆ ಇದ್ದರೆ ಕಲಬುರಗಿಯಲ್ಲೂ ಬೀದರ್‌ನಲ್ಲೂ ಡೆಂಟಲ್ ಕಾಲೇಜುಗಳಿವೆ. ನಾಲ್ಕು ಸಲ ಓಡಾಡಬೇಕಾಗಬಹುದು, ಆದರೆ ಕಡಿಮೆ ಖರ್ಚಿನಲ್ಲಿ ಪ್ರಾಧ್ಯಾಪಕರ ಕಣ್ಣೆದುರೇ ಕೆಲಸ ಆಗುತ್ತದೆ.

ನಮ್ಮ ಬಿಸಿಲಿಗೆ ಈ ಔಷಧಿ ಕೆಡುವುದಿಲ್ವಾ?

ಕೆಡುತ್ತದೆ! ಇದನ್ನು ಕೇಳುವವರು ಕಡಿಮೆ, ಆದರೆ ಕೇಳಬೇಕು. ಬೆಳಕು, ಸೆಕೆ, ಗಾಳಿ ಮೂರೂ ಹೈಪೋದ ಶಕ್ತಿ ಇಳಿಸುತ್ತವೆ. ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲು 42 ಡಿಗ್ರಿ ದಾಟುತ್ತದೆ. ಕಿಟಕಿಯ ಹತ್ತಿರ ಮುಚ್ಚಳ ಸಡಿಲ ಇಟ್ಟ ಬಾಟಲಿಯ ಮೇಲೆ 3% ಅಂತ ಬರೆದಿರುತ್ತದೆ, ಒಳಗೆ ಅಷ್ಟು ಇರುವುದಿಲ್ಲ. ನಾನು ಚಿಕ್ಕ ಬಾಟಲಿಗಳನ್ನೇ ತರಿಸುತ್ತೇನೆ, ತೆರೆದ ತಾರೀಕು ಮೇಲೆ ಬರೆಯುತ್ತೇನೆ, ಫ್ರಿಜ್‌ನಲ್ಲಿ ಇಡುತ್ತೇನೆ. ಬಳಸುವ ಮುಂಚೆ ಸಿರಿಂಜನ್ನು ಮಾತ್ರ ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡುತ್ತೇನೆ. ಬೆಚ್ಚಗಿನ ಹೈಪೋ ನರವನ್ನು ಬೇಗ ಕರಗಿಸುತ್ತದೆ.

ಬಟ್ಟೆ ಮೇಲೆ ಬಿದ್ದರೆ?

ಬಣ್ಣ ಹೋಗುತ್ತದೆ, ವಾಪಸ್ ಬರುವುದಿಲ್ಲ. ಇಳಕಲ್ ಸೀರೆ ಉಟ್ಟು ಬರಬೇಡಿ. ಕಣ್ಣಿಗೆ ಹನಿ ಸಿಡಿದರೆ ಕೂಡಲೇ ತುಂಬ ನೀರಿನಿಂದ ತೊಳೆಯಬೇಕು. ಚಿಕಿತ್ಸೆ ಹೊತ್ತಿನಲ್ಲಿ ಕನ್ನಡಕ ಕೊಟ್ಟರೆ ಹಾಕಿಕೊಳ್ಳಿ.

ಚಿಕಿತ್ಸೆ ಆದ ಮೇಲೆ ನೋವು ಬಂದರೆ ಔಷಧಿ ಸರಿ ಹೋಗಿಲ್ಲ ಅಂತಾನಾ?

ಅಲ್ಲ. ಎರಡು ಮೂರು ದಿನ ಕಡಿಯುವಾಗ ನೋವು ಇರುವುದು ಸಹಜ. ಆದರೆ ಬಾವು ಜಾಸ್ತಿಯಾಗುತ್ತಿದ್ದರೆ, ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ, ರಾತ್ರಿಯಾದರೂ ಸರಿ, ಡಾಕ್ಟರಿಗೆ ಫೋನ್ ಮಾಡಿ. ನುಂಗಲು ಆಗದ ಬಾವು ಉಸಿರಾಟಕ್ಕೂ ತೊಂದರೆ ಮಾಡಬಹುದು. ಆಗ ದೊಡ್ಡ ಆಸ್ಪತ್ರೆಗೆ ನೇರ ಹೋಗಬೇಕು.

ಎಲ್ಲ ಮುಗಿದ ಮೇಲೆ ಬೇವಿನ ಕಡ್ಡಿಯಿಂದ ಹಲ್ಲು ಉಜ್ಜಬಹುದಾ?

ಖಂಡಿತ. ಇದು ಬೇವಿನ ನಿಜವಾದ ಜಾಗ. ಬಂದೇನವಾಜ್ ದರ್ಗಾದ ಹತ್ತಿರ ಸಿಗುವ ಮಿಸ್ವಾಕ್ ಕಡ್ಡಿಯೂ ಆಗುತ್ತದೆ. ಕ್ಯಾಪ್ ಕೂರುವವರೆಗೆ ಆ ಹಲ್ಲಿನಿಂದ ಕಡ್ಡಿ ಅಗಿಯಬೇಡಿ, ಇನ್ನೊಂದು ಕಡೆಯಿಂದ ಅಗಿಯಿರಿ. ತುದಿ ಬ್ರಷ್‌ನ ಹಾಗೆ ಮೆತ್ತಗಾದ ಮೇಲೆ ಒಸಡಿನಿಂದ ಹಲ್ಲಿನ ಕಡೆಗೆ ಮೆಲ್ಲಗೆ ಎಳೆಯಿರಿ, ಅಡ್ಡಡ್ಡ ತಿಕ್ಕಬೇಡಿ. ಬಳಸಿದ ತುದಿಯನ್ನು ಕತ್ತರಿಸಿ ಮರುದಿನ ಹೊಸ ತುದಿ ಅಗಿಯಿರಿ. ರಾತ್ರಿ ಮಲಗುವ ಮುಂಚೆ ಮಾತ್ರ ಫ್ಲೋರೈಡ್ ಇರುವ ಪೇಸ್ಟು, ಬ್ರಷ್ಷು. ಮಿಶ್ರಿ ಬೇಡವೇ ಬೇಡ, ಅದರಲ್ಲಿ ಇರುವುದು ಸುಟ್ಟ ತಂಬಾಕು.